ರಾಮನ್ ಅವರ ಕತ್ತಲೆ ಕೋಣೆಗೆ ಒಂದು ಬಸ್ಸು

ಶಾಲೆಯ ಪ್ರವಾಸದ ಪಟ್ಟಿ ಅಂದ್ರೆ ನಿಮಗೂ ಬಾಯಿಪಾಠ, ನನಗೂ ಬಾಯಿಪಾಠ, ಅಲ್ವಾ? ಬೆಂಗಳೂರಿಗೆ ಹೋದರೆ ವಿಧಾನಸೌಧದ ಮುಂದೆ ಒಂದು ಫೋಟೋ, ಲಾಲ್‌ಬಾಗಿನ ಬಂಡೆ ಮೇಲೆ ಕೂತು ಬುತ್ತಿ ಊಟ, ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಕಂಡ ಕಂಡ ಗುಂಡಿ ಒತ್ತೋದು, ಆಮೇಲೆ ಸೀದಾ ಮೈಸೂರು. ನೋಡಬೇಕಾದ ಜಾಗಗಳೇ, ಬೇಡ ಅನ್ನೋರು ಯಾರು. ಆದರೆ ನಮ್ಮ ಸಿರಿಗೇರಿಯಿಂದ ಅಷ್ಟು ದೂರ ಹೊರಟ ಬಸ್ಸು ಇನ್ನೊಂದೇ ಒಂದು ಕಡೆ ಅರ್ಧ ದಿನ ನಿಂತರೆ ಎಷ್ಟು ಚೆನ್ನ ಅಂತ ನನಗೆ ಮೊನ್ನೆಯಿಂದ ಒಂದೇ ಸಮನೆ ಅನ್ನಿಸ್ತಾ ಇದೆ.

ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯ ಹೆಸರಿನ ರಸ್ತೆ ಒಂದಿದೆಯಲ್ಲ, ಬಳ್ಳಾರಿ ರಸ್ತೆ? ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ಲಿಗೆ ಬರೋದು. ಅಲ್ಲಿಂದ ಸದಾಶಿವನಗರದ ಕಡೆ ತಿರುಗಿದರೆ ಸಿ.ವಿ. ರಾಮನ್ ಅವೆನ್ಯೂ, ರಾಮನ್ ಸಂಶೋಧನಾ ಸಂಸ್ಥೆ ಇರೋದೇ ಅಲ್ಲಿ. ಜಾಗ ಕೊಟ್ಟಿದ್ದು 1934ರಲ್ಲಿ ಮೈಸೂರು ಸಂಸ್ಥಾನ, ಸಂಸ್ಥೆ ಶುರುವಾಗಿದ್ದು 1948ರಲ್ಲಿ. ಬೆಳಕಿನ ಕಣಗಳನ್ನ ಒಂದೊಂದಾಗಿ ಹಿಡಿದು ಕ್ವಾಂಟಮ್ ಪ್ರಯೋಗ ಮಾಡೋ ಲ್ಯಾಬು ಈಗ ಅಲ್ಲಿದೆ. ನಮ್ಮ ಹೆಸರು ಹೊತ್ತ ರಸ್ತೆಯೇ ಅದರ ಹತ್ತಿರಕ್ಕೆ ಕರಕೊಂಡು ಹೋಗ್ತದೆ, ನಮ್ಮ ಬಸ್ಸು ಮಾತ್ರ ಮುಂದಕ್ಕೆ ಹೋಗಿಬಿಡ್ತದೆ. ವಿಚಿತ್ರ ಅಲ್ವಾ?

ಕ್ವಾಂಟಮ್ ಅಂದ ತಕ್ಷಣ ಜನ ಒಂದು ಹೆಜ್ಜೆ ಹಿಂದೆ ಸರೀತಾರೆ. ಅದೆಲ್ಲ ದೊಡ್ಡವರ ಬಾಬತ್ತು, ನಮಗೆ ಭತ್ತ, ಮೆಣಸಿನಕಾಯಿ ಸಾಕು ಅಂತ. ಅಂಥವರಿಗೆ ಸಿರುಗುಪ್ಪದ ಯಾವುದಾದರೂ ದೊಡ್ಡ ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರ ಅರೆಗಳಿಗೆ ನಿಂತು ನೋಡ್ರಿ ಅಂತೀನಿ. ಐನೂರರ ನೋಟು ಕೊಟ್ಟರೆ ನೇರಳೆ ಬಣ್ಣದ ಪುಟ್ಟ ದೀಪದ ಕೆಳಗೆ ಹಿಡೀತಾರೆ. ನೋಟಿನೊಳಗೆ ಕೂದಲಿನಂಥ ಎಳೆಗಳು ಇದ್ದಕ್ಕಿದ್ದಂತೆ ಹೊಳೀತವೆ, ಅಂಕಿಗಳೂ ಬೆಳಗ್ತವೆ. ನೋಟು ರದ್ದಾದ 2016ರ ಚಳಿಗಾಲದಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದು ನೆನಪಿದೆ. ನಮ್ಮ ಮುಂದೆ ಒಬ್ಬ ಯಜಮಾನರು, ಹಬ್ಬಕ್ಕೆ ಉಟ್ಟಂಥ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ನೋಟು ಎಣಿಸೋಕೆ ಕೌಂಟರಿನ ಒಳಗೆ ಬಗ್ಗಿದಾಗ ಟವೆಲ್ಲಿನ ಅಂಚು ಅಂಥದ್ದೇ ದೀಪದ ಕೆಳಗೆ ಬಿತ್ತು ನೋಡ್ರಿ, ನೀಲಿಯಾಗಿ ಭಗ್ಗಂತ ಬೆಳಗಿತು! ಕ್ಯಾಷಿಯರ್ ನಕ್ಕರು, ಯಜಮಾನರೂ ನಕ್ಕರು, ಸಾಲಿನಲ್ಲಿ ಬೇಸತ್ತು ನಿಂತಿದ್ದವರೆಲ್ಲ ನಕ್ಕರು. ಅವರು ಇನ್ನೊಂದು ಸಲ ಟವೆಲ್ಲು ಒಡ್ಡಿ ನೋಡಿದರು, ಮತ್ತೂ ಬೆಳಗಿತು. ಆಮೇಲೆ ಹಿಂದೆ ತಿರುಗಿ, 'ಇದ್ಯಾಕ ಹಿಂಗ?' ಅಂತ ಎಲ್ಲರನ್ನೂ ಕೇಳಿದರು.

ಎಂಥಾ ಒಳ್ಳೆ ಪ್ರಶ್ನೆ! ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸೋ ಒಂದು ವಸ್ತು ಇರ್ತದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನ ಅದು ನುಂಗ್ತದೆ, ಸ್ವಲ್ಪ ಶಕ್ತಿಯನ್ನ ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನ ನೀಲಿ ಬೆಳಕಾಗಿ ಹೊರಗೆ ಬಿಡ್ತದೆ. ಅಣುಗಳು ಶಕ್ತಿಯನ್ನ ಮನಸ್ಸಿಗೆ ಬಂದಷ್ಟು ತಗೊಳ್ಳೋದಿಲ್ಲ, ಗೊತ್ತಾದ ಅಳತೆಯ ಮೆಟ್ಟಿಲುಗಳಲ್ಲೇ ಹತ್ತಬೇಕು, ಇಳೀಬೇಕು. ಕ್ವಾಂಟಮ್ ವಿಜ್ಞಾನದ ಬುಡ ಇರೋದೇ ಈ ಲೆಕ್ಕದಲ್ಲಿ. ಅದು ಸಿರುಗುಪ್ಪದ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ದಿನಾ ನಡೀತಾ ಇದೆ, ನಾವು ಚಿಲ್ಲರೆ ಎಣಿಸೋ ಗಡಿಬಿಡಿಯಲ್ಲಿ ಇರ್ತೀವಿ.

ರಾಮನ್ ಅವರ ಸಂಸ್ಥೆಯ ಮ್ಯೂಸಿಯಮ್ಮಿನಲ್ಲಿ ನೋಡಬೇಕಾದದ್ದು ಇದೇ. ಅವರಿಗೆ ಕಲ್ಲು, ಹರಳು, ವಜ್ರ, ಚಿಟ್ಟೆಯ ರೆಕ್ಕೆ ಅಂದ್ರೆ ಜೀವ. ಹೋದ ಹೋದಲ್ಲಿ ಕೂಡಿಸಿದರು. ಆ ಮ್ಯೂಸಿಯಮ್ಮಿನಲ್ಲಿ ಒಂದು ಕತ್ತಲೆ ಕೋಣೆ. ಸಾದಾ ದೀಪದಲ್ಲಿ ಬರೀ ಮಬ್ಬು ಕಲ್ಲುಗಳು, ಅದನ್ನ ಆರಿಸಿ ನೇರಳಾತೀತ ದೀಪ ಹಚ್ಚಿದರೆ ಒಂದು ಹಸಿರು, ಒಂದು ಕೆಂಪು, ಒಂದು ಕಿತ್ತಳೆ. ಯಜಮಾನರ ಟವೆಲ್ಲು ಬೆಳಗಿದ್ದೂ, ಆ ಕಲ್ಲುಗಳು ಬೆಳಗೋದೂ ಒಂದೇ ಸೂತ್ರದಿಂದ. ಬಂದವರನ್ನ ರಾಮನ್ ತಾವೇ ಕರಕೊಂಡು ಹೋಗಿ ತೋರಿಸ್ತಿದ್ದರು. ಸಂಡೂರಿನ ಅದಿರಿನ ಧೂಳು ಕುಡಿದು ಬೆಳೆದ ಜಿಲ್ಲೆ ನಮ್ಮದು. ಕಲ್ಲು ಅಂದ್ರೆ ಲಾರಿ, ಟನ್ನು, ರೇಟು ಅಂತಷ್ಟೇ ಕೇಳಿದ ಮಕ್ಕಳು ಆ ಕೋಣೆಯೊಳಗೆ ಒಮ್ಮೆ ನಿಲ್ಲಬೇಕು ಅಂತ ನನಗೆ ಬಲು ಆಸೆ.

ಬಿಸಿಲಿನ ವಿಷಯ ಒಂದು ಹೇಳಿಬಿಡ್ತೀನಿ, ಇಲ್ಲಾಂದ್ರೆ ಮರೆತು ಹೋಗ್ತದೆ. ಬಳ್ಳಾರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಹೊರಗಿನವರು ನಗ್ತಾರಲ್ಲ. 1928ರಲ್ಲಿ ಕೋಲ್ಕತ್ತದಲ್ಲಿ ರಾಮನ್, ಅವರ ಜೊತೆ ಕೆಲಸ ಮಾಡ್ತಿದ್ದ ಕೃಷ್ಣನ್ ಇಬ್ಬರೂ ಮೊದಲು ಬಳಸಿದ್ದು ಇದೇ ಬಿಸಿಲನ್ನ! ಸೂರ್ಯನ ಬೆಳಕನ್ನ ಕನ್ನಡಿ, ಮಸೂರದಿಂದ ಒಟ್ಟು ಮಾಡಿ, ಬಣ್ಣದ ಗಾಜಿನಲ್ಲಿ ಸೋಸಿ, ಶುದ್ಧ ದ್ರವದೊಳಗೆ ಹಾಯಿಸಿದರು. ಹೊಕ್ಕ ಬಣ್ಣವೇ ಹೊರಗೆ ಬರಬೇಕಿತ್ತು, ಅದರ ಜೊತೆ ಇನ್ನೊಂದು ಮಸುಕು ಬಣ್ಣವೂ ಬಂತು. ಅಣುವಿಗೂ ಬೆಳಕಿಗೂ ನಡುವೆ ಶಕ್ತಿಯ ಕೊಡುಕೊಳ್ಳುವಿಕೆ ನಡೆದಿತ್ತು. ಫೆಬ್ರವರಿ 28ರಂದು ಅದು ಖಚಿತವಾಯ್ತು, 1930ಕ್ಕೆ ನೊಬೆಲ್ ಬಂತು. ಬೇಕಾದ ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ, ನೋಡೋ ಕಣ್ಣನ್ನ ಮಕ್ಕಳಿಗೆ ಕೊಡೋದು ಬಾಕಿ.

ಇನ್ನು ರಾಮನ್ ಸಂಸ್ಥೆಯ ಆ ಕ್ವಾಂಟಮ್ ಲ್ಯಾಬಿನ ವಿಷಯ. ಉರ್ಬಸಿ ಸಿನ್ಹಾ ಅವರ ತಂಡದ್ದು ಅದು. 2021ರಲ್ಲಿ ಅವರು ಎರಡು ಕಟ್ಟಡಗಳ ನಡುವೆ, 50 ಮೀಟರ್ ಬಯಲು ಗಾಳಿಯಲ್ಲಿ, ಬೆಳಕಿನ ಕಣಗಳ ಮೂಲಕ ಗುಟ್ಟಿನ ಕೀಲಿಯನ್ನ ಕಳಿಸಿ ತೋರಿಸಿದರು. ನಾವಿಬ್ಬರು ಇಲ್ಲಿ ಬೇಲಿ ಹತ್ತಿರ ಪಿಸುಗುಟ್ಟುವಾಗ ಮೂರನೆಯವರು ಗೋಡೆ ಮರೆಯಲ್ಲಿ ಕಿವಿಗೊಟ್ಟರೆ ನಮಗೆ ತಿಳಿಯೋದಿಲ್ಲ ನೋಡ್ರಿ. ಅಲ್ಲಿ ಹಾಗಾಗೋದಿಲ್ಲ, ಕದ್ದು ಕೇಳಿದರೆ ಮಾತೇ ಕೆಡ್ತದೆ, ಕೇಳಿದ್ದು ಗೊತ್ತಾಗಿಬಿಡ್ತದೆ. ಒಂಟಿ ಕಣಗಳನ್ನ ಕದ್ದು ಅಳೆಯೋಕೆ ಹೋದರೆ ಕೆಲವುಗಳ ಸ್ಥಿತಿಯಾದರೂ ಬದಲಾಗೋದು ತಪ್ಪಿದ್ದಲ್ಲ. ಬ್ಯಾಂಕು, ಸೈನ್ಯ ಎಲ್ಲ ಇದರ ಮೇಲೆ ಕಣ್ಣಿಟ್ಟಿರೋದು ಅದಕ್ಕೇ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಮಿಕ್ಕಿ ಒಪ್ಪಿಗೆ ಕೊಟ್ಟಿತಲ್ಲ, ಅದರಲ್ಲಿ ಕ್ವಾಂಟಮ್ ಕಂಪ್ಯೂಟರಿನ ಕೇಂದ್ರ ಬಂದಿರೋದು ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೇ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೇ. ಇಂಥಾ ಕೆಲವು ಕಂಪ್ಯೂಟರಿನ ಚಿಪ್ಪನ್ನ ಸೊನ್ನೆಗಿಂತ ಹೆಚ್ಚೂ ಕಡಿಮೆ 273 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡಬೇಕಂತೆ. ಏಪ್ರಿಲ್‌ನಲ್ಲಿ 40 ದಾಟೋ ಊರಿನವರಿಗೆ ಕೇಳಿದರೇನೇ ತಂಪು!

ಏಪ್ರಿಲ್ ಅಂದಾಗ ನೆನಪಾಯ್ತು. ಜಗತ್ತಿನ ಕ್ವಾಂಟಮ್ ದಿನ ಯಾವತ್ತು ಗೊತ್ತೇನ್ರೀ? ಏಪ್ರಿಲ್ 14. ಪ್ಲಾಂಕ್ ಅನ್ನೋ ವಿಜ್ಞಾನಿಯ ಹೆಸರಿನ ಒಂದು ಅಂಕಿ ಇದೆ, ಒಂದು ಅಳತೆಯಲ್ಲಿ ಅದರ ಮೊದಲ ಅಂಕಿಗಳು ಹೆಚ್ಚೂ ಕಡಿಮೆ 4.14. ನಾಲ್ಕನೇ ತಿಂಗಳು, ಹದಿನಾಲ್ಕನೇ ತಾರೀಕು. ನಮಗೆ ಆ ದಿನ ಅಂಬೇಡ್ಕರ್ ಜಯಂತಿ. ಓದಿನಿಂದಲೇ ಬಾಳು ಬದಲಾಗ್ತದೆ ಅಂತ ತೋರಿಸಿಕೊಟ್ಟವರ ಹುಟ್ಟಿದ ದಿನ. ಜಯಂತಿಯ ವೇದಿಕೆಯಲ್ಲೇ ಹತ್ತು ನಿಮಿಷ ಒಬ್ಬ ವಿಜ್ಞಾನದ ಮೇಷ್ಟ್ರಿಗೆ ಮೈಕು ಕೊಟ್ಟರೆ ಆ ಗೌರವಕ್ಕೆ ಇನ್ನಷ್ಟು ತೂಕ ಬರ್ತದೆ ಅಂತ ನನ್ನ ಮಾತು.

ಮೇಷ್ಟ್ರ ವಿಷಯ ಬಂತಲ್ಲ, ಅವರಿಗೂ ಒಂದು ದಾರಿ ಇದೆ, ಅದೂ ಬೆಂಗಳೂರಿಗಿಂತ ಹತ್ತಿರ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗೋ 150ಎ ಹೆದ್ದಾರಿ ಹಾಗೇ ಮುಂದೆ ಚಳ್ಳಕೆರೆಗೆ ಹೋಗ್ತದೆ. ಆ ತಾಲ್ಲೂಕಿನ ಕುದಾಪುರದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಎರಡನೇ ಕ್ಯಾಂಪಸ್ಸು. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಹೈಸ್ಕೂಲು, ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ಅಲ್ಲೇ ಉಳಿಸಿಕೊಂಡು ತರಬೇತಿ ಕೊಡ್ತಾರೆ, ಕೈಯಾರೆ ಪ್ರಯೋಗ ಮಾಡಿಸ್ತಾರೆ. ಒಬ್ಬ ಮೇಷ್ಟ್ರು ಹೋಗಿ ಬಂದರೆ ನಿವೃತ್ತಿಯವರೆಗೂ ಎಷ್ಟು ತರಗತಿಗೆ ಪಾಠ ಮಾಡ್ತಾರೆ, ಲೆಕ್ಕ ಹಾಕ್ರಿ. ಬಿ.ಎಸ್ಸಿ. ಓದೋ ಹುಡುಗರಿದ್ದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡೋ ಬೇಸಿಗೆ ಫೆಲೋಶಿಪ್ ಇದೆ, ರಜೆಯಲ್ಲಿ ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ಅದಕ್ಕೆ ಶಿಕ್ಷಕರೂ ಅರ್ಜಿ ಹಾಕಬಹುದು. ಬಳ್ಳಾರಿ ಕಾಲೇಜಿಗೆ ಬಸ್ಸಿನಲ್ಲಿ ಓಡಾಡೋ ನಮ್ಮ ಮಕ್ಕಳಿಗೆ ಈ ಸುದ್ದಿ ಅರ್ಜಿಯ ದಿನ ಕಳೆದ ಮೇಲೆ ಸಿಗಬಾರದು, ಅಷ್ಟೇ.

ಉಪನ್ಯಾಸಗಳೂ ಹಾಗೇ. ಬೆಂಗಳೂರಿನ ನೆಹರೂ ತಾರಾಲಯದಲ್ಲಿ ಭಾನುವಾರ 'ಕಾಪಿ ವಿತ್ ಕ್ಯೂರಿಯಾಸಿಟಿ' ಅಂತ ಒಂದು ಸರಣಿ ನಡೆಸ್ತಾರೆ, ಹೆಸರಘಟ್ಟದ ಕಡೆ ಇರೋ ಐಸಿಟಿಎಸ್ ಸಂಸ್ಥೆಯವರು. ಯಾರು ಬೇಕಾದರೂ ಹೋಗಿ ಕೂರಬಹುದು. ರಾಮನ್ ಅವರೂ ಪ್ರತಿ ವರ್ಷ ಗಾಂಧಿ ಜಯಂತಿಯಂದು ತಮ್ಮ ಸಂಸ್ಥೆಯಲ್ಲೇ ಉಪನ್ಯಾಸ ಕೊಡ್ತಿದ್ದರು. 1970ರ ನವೆಂಬರ್‌ನಲ್ಲಿ ತೀರಿಕೊಂಡರಲ್ಲ, ಆ ವರ್ಷದ ಅಕ್ಟೋಬರ್ 2ಕ್ಕೂ ಅದನ್ನ ತಪ್ಪಿಸಲಿಲ್ಲ, 80 ದಾಟಿದ್ದರೂ ಸರಿಯೇ. ಅವರನ್ನ ದಹನ ಮಾಡಿದ್ದು ಅದೇ ಆವರಣದಲ್ಲಿ. ಗುರುತಿಗೆ ಇರೋದು ಒಂದು ಮರ, ಕಲ್ಲಿನ ಸಮಾಧಿ ಅಂತ ಕಟ್ಟಿಲ್ಲ. ಮಕ್ಕಳಿಗೆ ಆ ಮರವನ್ನೂ ತೋರಿಸಬೇಕು.

ಯಾವಾಗ ಹೋಗೋದು ಅಂತೀರಾ? ವಿಜ್ಞಾನ ದಿನದ ಆಸುಪಾಸಿನಲ್ಲಿ, ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಒಂದು ಶನಿವಾರ, ಟಾಟಾ ಇನ್‌ಸ್ಟಿಟ್ಯೂಟ್ ಇಡೀ ಕ್ಯಾಂಪಸ್ಸನ್ನೇ ಜನರಿಗೆ ತೆರೆದಿಡ್ತದೆ. ಜಾತ್ರೆ ಇದ್ದಂಗೆ ಜನ. ಸೊನ್ನೆಗಿಂತ 196 ಡಿಗ್ರಿ ಕೆಳಗಿರೋ ನೈಟ್ರೋಜನ್ ದ್ರವದಲ್ಲಿ ಹೂ ಅದ್ದಿ, ಹಪ್ಪಳದಂಗೆ ಪುಡಿ ಮಾಡಿ ತೋರಿಸ್ತಾರೆ. ರಾಮನ್ ಸಂಸ್ಥೆಗಾದರೆ ಶಾಲೆಯವರು ಮುಂಚೆಯೇ ಪತ್ರ ಬರೆದು ಒಪ್ಪಿಗೆ ತಗೋಬೇಕು. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಬಸ್ಸಾದರೂ ಸರಿ.

ಕಷ್ಟ ಇರೋದು ಎಲ್ಲಿ ಅಂತ ನಿಮಗೂ ಗೊತ್ತು. ಆ ಶನಿವಾರ ಬರೋದು ಸರಿಯಾಗಿ ಮೆಣಸಿನಕಾಯಿ ಕಣದ ಹೊತ್ತಿಗೆ. ಕಣದ ತುಂಬ ಕೆಂಪು ಹಾಸು, ಬ್ಯಾಡಗಿಗೆ ಲೋಡು ಕಳಿಸೋ ಚಿಂತೆ, ಮನೆಮಂದಿಯೆಲ್ಲ ಸೀನ್ತಾ ಕಾಯಿ ಆರಿಸೋದು. ಸೀನಿಗೂ ಕ್ವಾಂಟಮ್ಮಿಗೂ ನಂಟಿದೆ ಮತ್ತೆ! 1925ರ ಜೂನ್‌ನಲ್ಲಿ ಹೈಸನ್‌ಬರ್ಗ್ ಅನ್ನೋ 23ರ ಹುಡುಗ, ಹೂವಿನ ಪರಾಗದಿಂದ ಮುಖ ಊದಿಕೊಂಡು, ಮೂಗು ಸೋರಿ, ತಡೆಯೋಕಾಗದೆ ಜರ್ಮನಿಯ ಹೆಲ್ಗೋಲ್ಯಾಂಡ್ ಅನ್ನೋ ದ್ವೀಪಕ್ಕೆ ಓಡಿಹೋದ. ಅಲ್ಲಿ ಪರಾಗ ಕಡಿಮೆ. ಮೂಗು ಸುಮ್ಮನಾದ ಮೇಲೆ ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದ, ಹೊಸ ಭೌತವಿಜ್ಞಾನಕ್ಕೆ ದಾರಿ ತೆರೆಯಿತು. ಅದಕ್ಕೆ ನೂರು ತುಂಬಿತು ಅಂತಲೇ 2025ನ್ನ ವಿಶ್ವಸಂಸ್ಥೆ ಕ್ವಾಂಟಮ್ ವರ್ಷ ಅಂತ ಆಚರಿಸಿದ್ದು.

ನಮ್ಮ ಕಣದಲ್ಲಿ ಸೀನ್ತಾ ಕೂತ ಮಕ್ಕಳಲ್ಲೂ ಯಾರಿಗೆ ಯಾವ ಲೆಕ್ಕ ಹೊಳೆಯಬೇಕಿದೆಯೋ, ಯಾರು ಬಲ್ಲರು. ನಿಮ್ಮ ಹುಡುಗಿಯನ್ನೇ ನೋಡ್ರಿ, ಮಾತು ಮಾತಿಗೆ 'ಯಾಕ?' ಅಂತಾಳೆ. ಅಲ್ಲಿ ಹೋದಾಗ ಅವಳು ನಮ್ಮ ಮಾತಿನಲ್ಲೇ ಕೇಳಲಿ, ಇಂಗ್ಲಿಷ್ ಬರೋದಿಲ್ಲ ಅಂತ ಹಿಂದೆ ನಿಲ್ಲೋದು ಬೇಡ. ವಿಜ್ಞಾನಿಗಳಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ನಾಳೆ ಹೆಡ್‌ಮಾಸ್ತರು ಸಿಕ್ಕರೆ ಪತ್ರದ ವಿಷಯ ಎತ್ತೋಣ, ನೀವೂ ಜೊತೆಗೆ ಬರ್ರಿ. ಕಣದ ಚಿಂತೆ ಬಿಡ್ರಿ, ಹುಡುಗಿ ಪ್ರವಾಸಕ್ಕೆ ಹೋದಾಗ ಅವಳ ಪಾಲಿನ ಕಾಯಿ ಆರಿಸೋಕೆ ನಮ್ಮ ಮನೆಯವರು ಬರ್ತೀವಿ. ಬೆಳೆ ಬಂದಾಗ ಒಬ್ಬರಿಗೊಬ್ಬರು ಮುಯ್ಯಿ ಮಾಡೋದು ನಮ್ಮಲ್ಲಿ ಹೊಸದೇನಲ್ಲ, ಅಲ್ವಾ?