ಪಿಕಪ್ ಗಾಡಿಯ ಸ್ವಯಂದೀಪನ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ

ಹೊರೆ ಹೊರುವ, ಬೆನ್ನು ತೆರೆದ, ನಾಲ್ಕು ಚಕ್ರದ ವಾಹನವೊಂದು (ಇನ್ನು ಮುಂದೆ ‘ಪಠ್ಯ’) ಸಂಜೆಯೆಂಬ ಸಂಕಥನದೊಂದಿಗೆ ಮುಖಾಮುಖಿಯಾಗುವ ಗಳಿಗೆಯಲ್ಲಿ, ಚಾಲಕನೆಂಬ ಕರ್ತೃವಿನ ಹಂಗು ತೊರೆದು ತನ್ನ ಮುಂದೀಪಗಳನ್ನು ತಾನೇ ಹೊತ್ತಿಸಿಕೊಳ್ಳಬಲ್ಲುದೇ ಎಂಬ ಜಿಜ್ಞಾಸೆಯನ್ನು ಪ್ರಸ್ತುತ ಪ್ರಬಂಧವು ತಾತ್ತ್ವಿಕ, ಸಾಂಸ್ಕೃತಿಕ ಹಾಗೂ ವಿದ್ಯುತ್ ನೆಲೆಗಳಲ್ಲಿ ಅನುಸಂಧಾನಿಸಲು ಹವಣಿಸುತ್ತದೆ. ಕರ್ತೃ ಸತ್ತನೆಂದು ಫ್ರಾನ್ಸಿನ ರೋಲಾಂ ಬಾರ್ತ್ 1967ರಲ್ಲೇ ಸಾರಿಯಾಗಿದೆ. ನಮ್ಮ ಹೆದ್ದಾರಿಗಳಲ್ಲಿ ಕರ್ತೃ ದಿನಾ ಸಾಯುತ್ತಿರುವುದರಿಂದ ಈ ಸಿದ್ಧಾಂತಕ್ಕೆ ಸ್ಥಳೀಯ ಪುರಾವೆಗಳ ಕೊರತೆಯೇನೂ ಇಲ್ಲ.

ಇದನ್ನೇ ‘ಕತ್ತಲಾದ್ರೆ ಗಾಡಿ ಲೈಟು ತಾನೇ ಹತ್ಕೊಳ್ಳೋ ಹಂಗೆ ಮಾಡೋದು ಹ್ಯಾಗೆ’ ಎಂದು ಒಂದೇ ಉಸಿರಿನಲ್ಲಿ ಕೇಳಬಹುದಿತ್ತು. ಹಾಗೆ ಕೇಳಿದರೆ ಅದು ಪ್ರಶ್ನೆಯಾಗುತ್ತದೆಯೇ ಹೊರತು ಪ್ರಮೇಯವಾಗುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ಕಾಲಕ್ಕೆ ನಾನು ಕೂತೆದ್ದ ವಿಚಾರ ಸಂಕಿರಣಗಳು ಈ ವಿವೇಕವನ್ನು ಕಲಿಸಿವೆ. ಮಧ್ಯಾಹ್ನ ಎರಡಾದರೂ ‘ಇನ್ನೆರಡೇ ಮಾತು ಹೇಳಿ ಮುಗಿಸ್ತೇನೆ’ ಎನ್ನುತ್ತ ಹದಿನಾಲ್ಕನೆಯ ಹಾಳೆ ತಿರುವುವ ಮಂಡನಕಾರರು, ಅಡುಗೆ ಮನೆಯಿಂದ ತೇಲಿ ಬರುವ ಸಾರಿನ ಪರಿಮಳ, ಯಾರೂ ಓದದ ಹೊತ್ತಗೆಗೆ ಅಚ್ಚಾಗುವ ಮೊದಲೇ ದೊರಕಿದ ಐಎಸ್‌ಬಿಎನ್ ಸಂಖ್ಯೆ. ಈಗ ತೋಟ ನೋಡಿಕೊಂಡು, ಅಡಿಕೆ ಮೂಟೆ ಸಾಗಿಸಲೊಂದು ಪಿಕಪ್ ಇಟ್ಟುಕೊಂಡಿದ್ದೇನೆ. ಭಾಷೆ ಮಾತ್ರ ಇನ್ನೂ ಗುಣವಾಗಿಲ್ಲ.

ಪೂರ್ವಸೂರಿಗಳ ಸಮೀಕ್ಷೆ

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1952ರಲ್ಲಿ ತನ್ನ ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ ‘ಆಟ್ರಾನಿಕ್ ಐ’ ಎಂಬ ಕಣ್ಣೊಂದನ್ನು ಕೂರಿಸಿತು. ಎದುರಿಗೆ ಗಾಡಿ ಬಂದರೆ ಅದು ಹೈಬೀಮನ್ನು ತಾನಾಗಿ ಇಳಿಸುತ್ತಿತ್ತು. ಕತ್ತಲಾದೊಡನೆ ದೀಪ ಹೊತ್ತಿಸುವ ‘ಟ್ವೈಲೈಟ್ ಸೆಂಟಿನಲ್’ ಕ್ಯಾಡಿಲಾಕ್‌ಗೆ ಬಂದದ್ದು 1964ರಲ್ಲಿ. ಅಂದರೆ ಎದುರಿನವನ ಕಣ್ಣಿನ ಚಿಂತೆ ಮೊದಲು ಬಂತು, ನಮ್ಮ ಅನುಕೂಲ ಆಮೇಲೆ. ಈ ಕಾಲಾನುಕ್ರಮಣಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ರಸ್ತೆಯಲ್ಲಿ ಇದು ಉಲ್ಟಾ ಆಗಿದೆ.

ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಜೊತೆಗೇ ಉರಿಯತಕ್ಕದ್ದೆಂದು ಕಡ್ಡಾಯವಾಯಿತು. ಅದಕ್ಕೆ ಸ್ವಿಚ್ಚಿಲ್ಲ, ಹಗಲಿರುಳೆಂಬ ಭೇದವೂ ಇಲ್ಲ. ಆದ್ದರಿಂದ ಅದನ್ನು ದೀಪಾದ್ವೈತವೆನ್ನಬಹುದು. ಬೆಳಕು ಬೇರೆ ಕತ್ತಲು ಬೇರೆ ಎಂದು ಒಪ್ಪಿ, ಒಂದು ಕಂಡಾಗ ಆರುವುದು ಇನ್ನೊಂದು ಕಂಡಾಗ ಉರಿಯುವುದು ದೀಪದ್ವೈತ. ನಮ್ಮ ಪಠ್ಯಕ್ಕೆ ಬೇಕಾದದ್ದು ಈ ಎರಡನೆಯದು. ವಿಶಿಷ್ಟಾದ್ವೈತದ ಸರದಿ ಮುಂದೆ ಮರದ ನೆರಳಿನ ಚರ್ಚೆಯಲ್ಲಿ ಬರಲಿದೆ.

ಸಂಧ್ಯೆಯ ನವವಿಧ ವರ್ಗೀಕರಣ

ಸಂಧ್ಯೆ ಒಂಬತ್ತು ವಿಧ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ನಾಗರಿಕ ಸಂಧ್ಯೆ, 12ರವರೆಗೆ ನಾವಿಕ ಸಂಧ್ಯೆ, 18ರವರೆಗೆ ಖಗೋಳ ಸಂಧ್ಯೆ. ಈ ಮೂರು ಶಾಸ್ತ್ರಸಮ್ಮತ. ನಾಲ್ಕನೆಯದು ಮಲೆನಾಡ ಸಂಧ್ಯೆ: ಇದು ಆಷಾಢದ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಆಗಮಿಸಿ, ಸೂರ್ಯ ಎಲ್ಲಿದ್ದಾನೆಂಬ ಗೊಡವೆಗೇ ಹೋಗುವುದಿಲ್ಲ. ಐದನೆಯದು... ಐದನೆಯದಿಲ್ಲ. ಒಂಬತ್ತೆಂದರೆ ಗಂಭೀರವಾಗಿ ಕೇಳಿಸುತ್ತದೆಂದು ಹೇಳಿದ್ದು. ಶೀರ್ಷಿಕೆ ಹಾಗೇ ಇರಲಿ.

ಇಲ್ಲೊಂದು ನಿಜವಾದ ಸಂಗತಿಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಇದರ 105ನೆಯ ನಿಯಮದ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಹಾಗೂ ಬೆಳಕು ಸಾಲದ ಬೇರೆ ಯಾವ ಹೊತ್ತಿನಲ್ಲೂ, ದೀಪ ಉರಿಯುತ್ತಿರಬೇಕು; ಮುಂದಿನ ಬೆಳಕಿನಲ್ಲಿ 155 ಮೀಟರ್ ದೂರದ ಮನುಷ್ಯ ಕಾಣಬೇಕು. ಜನ ಅರ್ಧ ಗಂಟೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ. ನಾಗರಿಕ ಸಂಧ್ಯೆ ಇಪ್ಪತ್ತು ಇಪ್ಪತ್ತೆರಡು ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಅರ್ಧ ಗಂಟೆ ಕಾದು ಲೈಟು ಹಾಕುವವನು ಕೊನೆಯ ಎಂಟು ಹತ್ತು ನಿಮಿಷ ಕತ್ತಲಲ್ಲೇ ಓಡಿಸಿರುತ್ತಾನೆ. ಕಾಲೇಜು ಮಕ್ಕಳು ಬಸ್ಸಿಳಿದು ರಸ್ತೆ ದಾಟುವುದೂ ಹಸುಗಳು ಮನೆ ಕಡೆ ಬರುವುದೂ ಆ ಹತ್ತು ನಿಮಿಷದಲ್ಲೇ.

ಪ್ರಮಾಣ ವಿಚಾರ

ಕತ್ತಲೆಯನ್ನು ಅರಿಯುವ ಪ್ರಮಾಣ ಯಾವುದು? ಪ್ರತ್ಯಕ್ಷವೇ ಎಂಬುದು ಸಿದ್ಧಾಂತ. ಇದರ ಇಂದ್ರಿಯಕ್ಕೆ ಎಲ್‌ಡಿಆರ್ ಎಂದು ಹೆಸರು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಉಗುರಿನಷ್ಟಗಲದ ಬಿಲ್ಲೆ, ಮೇಲೆ ಹಾವಿನ ಹರಿದಾಟದಂಥ ಕ್ಯಾಡ್ಮಿಯಂ ಸಲ್ಫೈಡಿನ ಗೆರೆ. ಬಿಸಿಲಿಗೆ ಹಿಡಿದರೆ ಅದರ ರೋಧ ಕೆಲವು ನೂರು ಓಮ್‌ಗೆ ಇಳಿಯುತ್ತದೆ, ಮುಷ್ಟಿಯೊಳಗೆ ಮುಚ್ಚಿದರೆ ಹತ್ತಾರು ಲಕ್ಷಕ್ಕೆ ಏರುತ್ತದೆ. ಈ ಏರಿಳಿತವನ್ನು ಎಲ್‌ಎಂ393 ಎಂಬ ಎಂಟು ಕಾಲಿನ ಐಸಿ ಒಂದು ಗೊತ್ತಾದ ವೋಲ್ಟೇಜಿಗೆ ಹೋಲಿಸಿ ನೋಡಿ, ಟ್ರಾನ್ಸಿಸ್ಟರ್ ಮೂಲಕ ರಿಲೇಯನ್ನು ಎಳೆಯುತ್ತದೆ. ಇಷ್ಟೇ. ಕಾರು ಕಂಪನಿಗಳು ಟಾಪ್ ಮಾಡೆಲ್‌ಗೆಂದು ಎತ್ತಿಟ್ಟು, ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಭೋಗವಸ್ತುವಿನ ಒಳಗಿರುವ ತತ್ತ್ವ ಇದು. ಮಾಲ್‌ಗೆ ಹೋಗಿ ಬರುವ ಕಾರಿಗೆ ಇದು ಸಿಗುತ್ತದೆ. ನಡುರಾತ್ರಿ ಟೊಮೆಟೊ ಹೇರಿಕೊಂಡು ಕೋಲಾರದ ಮಂಡಿಗೆ ಓಡುವ ಪಿಕಪ್ಪಿಗೆ ಮಾತ್ರ ಮನೆಯಲ್ಲೇ ಬೆಸುಗೆ ಹಾಕಿಕೊಳ್ಳಬೇಕು.

ಹೇತ್ವಾಭಾಸಗಳು ಮೂರು. ಬಿಲ್ಲೆಗೆ ತನ್ನದೇ ಹೆಡ್‌ಲೈಟಿನ ಬೆಳಕು ಗೋಡೆಗೆ ಬಡಿದು ಬಂದು ತಾಗಿದರೆ, ಬೆಳಗಾಯಿತೆಂದು ದೀಪ ಆರುತ್ತದೆ. ಆರಿದೊಡನೆ ಕತ್ತಲಾಯಿತೆಂದು ಹೊತ್ತುತ್ತದೆ. ಗಾಡಿ ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ. ನೈಯಾಯಿಕರು ಇದನ್ನೇ ಆತ್ಮಾಶ್ರಯ ದೋಷವೆನ್ನುತ್ತಾರೆ. ಪರಿಹಾರ: ಬಿಲ್ಲೆಯನ್ನು ಗಾಜಿನ ಬುಡದಲ್ಲಿ ಆಕಾಶಕ್ಕೆ ಮುಖ ಮಾಡಿ ಕೂರಿಸುವುದು. ಎರಡನೆಯದು ನೆರಳಿನ ಭ್ರಾಂತಿ. ಸಾಲುಮರದ ರಸ್ತೆಯಲ್ಲಿ ಕ್ಷಣಕ್ಕೊಮ್ಮೆ ಕತ್ತಲು, ಕ್ಷಣಕ್ಕೊಮ್ಮೆ ಬೆಳಕು. ಇದಕ್ಕೆ ಐಸಿಯ ಹೊರಗಾಲಿನಿಂದ ಒಳಗಾಲಿಗೊಂದು ರೆಸಿಸ್ಟರ್ ಹಿಂತಿರುಗಿಸಿದರೆ ಹೊತ್ತುವ ಮಟ್ಟವೂ ಆರುವ ಮಟ್ಟವೂ ಬೇರೆಬೇರೆಯಾಗುತ್ತವೆ. ಹೊತ್ತಿದ ದೀಪ ತಾನು ಹೊತ್ತಿದ್ದನ್ನು ಸ್ವಲ್ಪ ಹೊತ್ತು ಮರೆಯುವುದಿಲ್ಲ. ಭೇದವೂ ಉಂಟು, ಭೇದದ ನಡುವೆ ಅಂಟೂ ಉಂಟು. ವಿಶಿಷ್ಟಾದ್ವೈತ ಇಲ್ಲಿ ಸಂದಿತು. ಜೊತೆಗೆ ಕೆಲವು ಸೆಕೆಂಡು ತಡೆದು ನಿರ್ಧರಿಸಲು ಒಂದು ಕೆಪಾಸಿಟರ್ ಬೇಕು. ಮೂರನೆಯ ದೋಷ ಶುದ್ಧ ಸ್ವದೇಶಿ. ಶುಕ್ರವಾರ ಪೂಜೆ ಮಾಡಿ ಡ್ಯಾಶ್‌ಬೋರ್ಡಿನ ಗಣಪತಿಗೆ ಹಾಕಿದ ಸೇವಂತಿಗೆ ಹಾರ ಜಾರಿ ಬಿಲ್ಲೆಯ ಮೇಲೆ ಬಿದ್ದರೆ ಗಾಡಿಗೆ ನಡುಮಧ್ಯಾಹ್ನವೇ ರಾತ್ರಿ. ಇದಕ್ಕೆ ವಿದೇಶಿ ಗ್ರಂಥಗಳಲ್ಲಿ ಪರಿಹಾರವಿಲ್ಲ.

ಗ್ರಂಥಸಂಪಾದನೆ

ಹಳೆಯ ಪಿಕಪ್ಪಿನ ವೈರಿಂಗ್ ಬಿಚ್ಚಿದವರಿಗೆ ಓಲೆಗರಿಗಳ ಪಾಠಾಂತರ ಸಮಸ್ಯೆ ಏನೂ ಅನ್ನಿಸದು. ಕಂಪನಿಯ ಮೂಲಪಾಠದಲ್ಲಿ ಒಂದು ಬಣ್ಣ, ಲಿಪಿಕಾರರು (ಮೂರು ಊರಿನ ಎಲೆಕ್ಟ್ರಿಷಿಯನ್ನರು) ತಿದ್ದಿದ ಪಾಠದಲ್ಲಿ ಇನ್ನೊಂದು. ರಿವರ್ಸ್ ಹಾಕಿದರೆ ಹಾಡುವ ಡಬ್ಬಿ, ಗ್ರಿಲ್ಲಿನ ನೀಲಿ ಪಟ್ಟಿ, ಲಾರಿಯ ಹಾರ್ನು ಇವೆಲ್ಲ ಪ್ರಕ್ಷಿಪ್ತ. ಟೇಪು ಸುತ್ತದೆ ಬಿಟ್ಟ ಗಂಟುಗಳು ಲಿಪಿಕಾರರ ಸ್ಖಾಲಿತ್ಯ. ಸಂಪಾದಕನ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಇರಲೇಬೇಕು. ಏಕೆಂದರೆ ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ಸನ್ನು ಕಡಿಯುತ್ತದೆ, ಕೆಲವುಗಳಲ್ಲಿ ಅರ್ತನ್ನು. ಇದನ್ನು ನೋಡದೆ ವೈರು ಕೂಡಿಸಿದರೆ ಪಠ್ಯದಿಂದ ಹೊಗೆಯ ಅರ್ಥ ಹೊರಡುತ್ತದೆ.

ಇನ್ನು ರಿಲೇ. ಅದರ ಬುಡದಲ್ಲಿ 30, 85, 86, 87 ಎಂಬ ನಾಲ್ಕು ಅಂಕಿಗಳು ಕೊರೆದಿರುತ್ತವೆ. ಜರ್ಮನಿಯ ಡಿನ್ 72552 ಎಂಬ ಮಾನಕದಿಂದ ಬಂದ ಇವು ಬಹುಪಾಲು ಕಂಪನಿಗಳ ರಿಲೇಗಳಲ್ಲಿ ಬದಲಾಗುವುದಿಲ್ಲ. 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86 ಒಳಗಿನ ಸುರುಳಿಗೆ. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್. ಇಲ್ಲದಿದ್ದರೆ ರಿಲೇ ಬಿಡುವಾಗ ಹಿಮ್ಮೆಟ್ಟಿ ಬರುವ ವೋಲ್ಟೇಜು ಟ್ರಾನ್ಸಿಸ್ಟರನ್ನು ಸುಡುತ್ತದೆ. ಎಚ್4 ಬಲ್ಬಿನ ಲೋಬೀಮ್ 55 ವಾಟ್, ಎರಡಕ್ಕೆ 110, ಅಂದರೆ 12 ವೋಲ್ಟಿಗೆ ಒಂಬತ್ತು ಆಂಪಿಯರ್ ಚಿಲ್ಲರೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು, ದೀಪಕ್ಕೆ ದಪ್ಪ ವೈರು. ಬಿಲ್ಲೆಯ ಮಂಡಲಕ್ಕೆ ಕರೆಂಟು ಇಗ್ನಿಷನ್ ಕೀಯ ಆಚೆಯಿಂದಲೇ ಬರಬೇಕು. ನೇರ ಬ್ಯಾಟರಿಗೆ ಕೊಟ್ಟರೆ ರಾತ್ರಿ ಶೆಡ್ಡಿನ ಕತ್ತಲಲ್ಲಿ ಗಾಡಿಗೆ ಏಕಾಂತದಲ್ಲಿ ಜ್ಞಾನೋದಯವಾಗಿ, ಬೆಳಿಗ್ಗೆ ನಾಲ್ಕು ಜನ ತಳ್ಳಬೇಕಾಗುತ್ತದೆ.

ಉತ್ತರಪಕ್ಷ

ಇಷ್ಟಾದ ಮೇಲೂ ಚಾರ್ಮಾಡಿ ಘಾಟಿಯ ಮಂಜು ಈ ಮೀಮಾಂಸೆಗೆ ಸಿಕ್ಕುವುದಿಲ್ಲ. ಹಗಲಿನ ಮಂಜು ಬೆಳ್ಳಗಿರುತ್ತದೆ. ಬಿಲ್ಲೆಯ ಪಾಲಿಗೆ ಅದು ಒಳ್ಳೆಯ ಬೆಳಕು. ಹತ್ತು ಮಾರು ಮುಂದೆ ಏನಿದೆಯೆಂದು ಕಾಣದಿದ್ದರೂ ಅದು ತೆಪ್ಪಗಿರುತ್ತದೆ. ಆಟೋಮ್ಯಾಟಿಕ್ ಲೈಟಿರುವ ದುಬಾರಿ ಕಾರುಗಳ ಗತಿಯೂ ಇದೇ. ಮುಂದೆ ಹಗಲುದೀಪದ ಪಟ್ಟಿ ಹೊಳೆಯುತ್ತಿರುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತಿರುತ್ತದೆ, ಲೈಟು ಉರಿಯುತ್ತಿದೆಯೆಂದು ಮಾಲೀಕ ನಂಬಿರುತ್ತಾನೆ. ಅನೇಕ ಗಾಡಿಗಳಲ್ಲಿ ಆಗ ಹಿಂದುಗಡೆ ಏನೂ ಉರಿಯುತ್ತಿರುವುದಿಲ್ಲ. ಆದ್ದರಿಂದ ಕೈಯ ಸ್ವಿಚ್ಚನ್ನು ಕಿತ್ತು ಹಾಕಕೂಡದು, ಮತ್ತು ಹಿಂದಿನ ದೀಪಕ್ಕೆ ಎರಡನೆಯ ರಿಲೇ ಬೇಕು. ಇದನ್ನು ಹೇಳಿದಾಗ ನಮ್ಮೂರ ಎಲೆಕ್ಟ್ರಿಷಿಯನ್ ಬೀಡಿ ತೆಗೆದು ನಕ್ಕ.

‘ಹಿಂದಿಂದು ಯಾಕೆ ಮೇಷ್ಟ್ರೇ? ನೀವೇನು ಹಿಂದೆ ನೋಡ್ಕಂಡು ಓಡಸ್ತೀರಾ?’

‘ಹಿಂದೆ ಬರೋನಿಗೆ ಕಾಣಬೇಕಲ್ಲ ಮಾರಾಯ.’

‘ಅವನ ಲೈಟು ಅವನಿಗಿರ್ತದೆ ಬಿಡಿ.’

ಈ ಮೂರು ಮಾತಿನಲ್ಲಿ ನಮ್ಮ ರಸ್ತೆಗಳ ಇಡೀ ದರ್ಶನಶಾಸ್ತ್ರವಿದೆ. ಅವನನ್ನು ಬೈದು ಪ್ರಯೋಜನವಿಲ್ಲ. ಹಿಂದಿನ ದೀಪ ಕೇಳಿಕೊಂಡು ಅವನ ಹತ್ತಿರ ಯಾರೂ ಬಂದಿಲ್ಲ. ಬರುವವರೆಲ್ಲ ಮುಂದೆ ಇನ್ನೂ ಜೋರು ಬೇಕೆನ್ನುವವರೇ: ಬಿಳಿ ಎಲ್‌ಇಡಿ, ಬಂಪರಿನ ಮೇಲೊಂದು ಸಾಲು, ಮಾಡಿನ ಮೇಲೊಂದು ಸಾಲು, ಹೈಬೀಮ್ ಇಳಿಸುವುದೆಂದರೆ ಮಾನ ಹೋದಂತೆ. ಹಿಂದಿನ ಬಲ್ಬು 21/5 ವಾಟಿನದು, ಒಂದೇ ಬುರುಡೆಯಲ್ಲಿ ಎರಡು ತಂತು. ಬ್ರೇಕಿಗೆ 21, ರಾತ್ರಿಯಿಡೀ ಉರಿಯಬೇಕಾದ್ದಕ್ಕೆ ಬರೀ 5. ಆ ಐದು ವಾಟಿನ ತಂತು ಸುಟ್ಟು ಹೋದರೂ ಬ್ರೇಕು ತುಳಿದಾಗ ದೀಪ ಬರುತ್ತದೆ, ಆದ್ದರಿಂದ ಸರಿಯಿದೆಯೆಂದೇ ಲೆಕ್ಕ. ಅದರ ಗಾಜಿನ ಮೇಲೆ ಕೆಸರು, ಕೆಸರಿನ ಮೇಲೆ ಇಳಿಬಿದ್ದ ಟಾರ್ಪಾಲು, ಅದರ ಮೇಲೆ ಹುಲ್ಲಿನ ಲೋಡು.

ಇಲ್ಲಿಂದ ಮುಂದೆ ಪರಿಭಾಷೆ ಬೇಡ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆಗೋ ಬಾಗಲಕೋಟೆಯ ಕಡೆಗೋ ರಾತ್ರಿ ಹೋಗಿ ನೋಡಿ. ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಎರಡೂ ಕಡೆ ರಸ್ತೆಗೆ ಚಾಚಿದ ಕಬ್ಬು, ದೀಪದ ವೈರು ಕಿತ್ತು ನೇತಾಡುತ್ತಿರುತ್ತದೆ, ಹಿಂದೆ ಒಂದು ಕೆಂಪು ಚುಕ್ಕೆಯೂ ಇರುವುದಿಲ್ಲ. ಕೆಟ್ಟು ನಿಂತ ಲಾರಿಗೆ ಗುರುತೆಂದರೆ ನಾಲ್ಕು ಕಲ್ಲು, ಒಂದು ಹಸಿರು ಕೊಂಬೆ. ಕತ್ತಲಲ್ಲಿ ಹಸಿರು ಕೊಂಬೆ ಯಾವನಿಗೆ ಕಾಣುತ್ತದೆ? ಲಾರಿ ರಿಪೇರಿಯಾಗಿ ಹೋದ ಮೇಲೆ ಕಲ್ಲುಗಳನ್ನಾದರೂ ಎತ್ತಿ ಹಾಕುತ್ತಾರೆಯೇ? ಅದೂ ಇಲ್ಲ. ಬೈಕಿನಲ್ಲಿ ಊರಿಗೆ ಹೊರಟ ಹುಡುಗರು ಇಂಥ ಟ್ರೇಲರುಗಳಿಗೆ ಹಿಂದಿನಿಂದ ಹೋಗಿ ಬಡಿಯುತ್ತಾರೆ. ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗನೂ ಹಾಗೇ ಹೋದ. ಪೇಪರಿನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬಂತು. ಅಜಾಗರೂಕತೆ ಅವನದೇ ಅಂತೆ. ದೀಪವಿಲ್ಲದೆ ರಸ್ತೆ ಮಧ್ಯೆ ನಿಂತಿದ್ದ ಟ್ರೇಲರಿನ ಬಗ್ಗೆ ಅಲ್ಲಿ ಒಂದಕ್ಷರ ಇರಲಿಲ್ಲ. ಆ ವರ್ಷವೇ ನಮ್ಮ ಕಾಲೇಜಿನಲ್ಲಿ ‘ರಸ್ತೆ ಸುರಕ್ಷತೆ: ಬಹುಮುಖಿ ನೆಲೆಗಳು’ ಎಂದೊಂದು ಗೋಷ್ಠಿ ನಡೆಯಿತು. ಮಂಡನಕಾರರು ಸುರಕ್ಷತೆಯ ಪರಿಕಲ್ಪನೆಯನ್ನು ನಿರಚನೆ ಮಾಡಿದರು. ಉದ್ಘಾಟನೆಗೆ ಹಚ್ಚಿದ ದೀಪದ ಫೋಟೊ ಚೆನ್ನಾಗಿ ಬಂದಿತ್ತು.

ಪ್ರಬಂಧದ ರಿವಾಜಿಗೆ ಮರಳಿ ಅನುಬಂಧವೊಂದನ್ನು ಸೇರಿಸುತ್ತೇನೆ. ಎರಡನೆಯ ರಿಲೇಯ 87ನ್ನು ಪಾರ್ಕಿಂಗ್ ದೀಪದ ವೈರಿಗೆ ಕೊಡಿ. ಹಿಂದಿನ ಎರಡು ದೀಪಗಳೂ ನಂಬರ್ ಪ್ಲೇಟಿನ ದೀಪವೂ ಅದರಲ್ಲೇ ಬರುತ್ತವೆ. ಅರ್ತಿನ ವೈರನ್ನು ತುಕ್ಕು ಹಿಡಿದ ಬಾಡಿಗೆ ಕಚ್ಚಿಸಬೇಡಿ, ಚಾಸಿಗೆ ಕೆರೆದು ಬಿಗಿಯಿರಿ. ಲೋಡು ಹೇರಿ ಟಾರ್ಪಾಲು ಕಟ್ಟಿದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿ. ಕಾಣದಿದ್ದರೆ ಟಾರ್ಪಾಲನ್ನು ಎತ್ತಿ ಕಟ್ಟಿ. ಮತ್ತೆ ಹಿಂಬದಿಯ ಬಾಗಿಲಿಗೆ ಕೆಂಪು ರಿಫ್ಲೆಕ್ಟರ್ ಟೇಪು. ಅದಕ್ಕೆ ವೈರೂ ಬೇಡ, ಫ್ಯೂಸೂ ಬೇಡ. ಮುಂದಿನ ತಿಂಗಳ ಸಂಕಿರಣದಲ್ಲಿ ಈ ಪ್ರಬಂಧ ಮಂಡಿಸಲು ಕೇಳಿರುವ ನೋಂದಣಿ ಶುಲ್ಕದಲ್ಲಿ ಆ ಟೇಪನ್ನು ರೋಲುಗಟ್ಟಲೆ ತರಬಹುದು, ತಂದೂ ಆಯಿತು. ಕಬ್ಬಿನ ಟ್ರೇಲರ್ ಇಟ್ಟವರು ಬಂದರೆ ಹಚ್ಚಿ ಕೊಡುತ್ತೇನೆ, ಸರ್ಟಿಫಿಕೇಟು ಮಾತ್ರ ಕೇಳಬಾರದು.