ಕಾಗದ ಕೇಳುವವರಿಗೊಂದು ಕಾಗದ

ಅಟ್ಲಾಂಟಾದ ಬಂಗಾರದ ಗುಮ್ಮಟದಡಿಯೂ ವಾಷಿಂಗ್ಟನ್ನಿನ ಬಿಳಿ ಗುಮ್ಮಟದಡಿಯೂ ಆಸೀನರಾಗಿ, ಮತದಾರನ ಗುರುತಿನ ಬಗ್ಗೆ ಹಗಲಿರುಳು ಚಿಂತಿಸುತ್ತಿರುವ ಮಾನ್ಯ ರಿಪಬ್ಲಿಕನ್ ಶಾಸಕ ಮಹಾಶಯರ ಸನ್ನಿಧಿಗೆ,

ಜಾರ್ಜಿಯಾ ರಾಜ್ಯದ ಗ್ವಿನೆಟ್ ಕೌಂಟಿಯಿಂದ ಒಬ್ಬ ಕನ್ನಡಿಗ ಮತದಾರನ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ನಾವೆಲ್ಲ ಕ್ಷೇಮ. ಮನೆ ಮುಂದಿನ ಹುಲ್ಲು ಬಡಾವಣೆಯ ಸಂಘ ಹೇಳಿದಷ್ಟೇ ಎತ್ತರವಿದೆ, ಪಾಸ್‌ಪೋರ್ಟುಗಳು ಬೀರುವಿನಲ್ಲಿ ಭದ್ರವಾಗಿವೆ. ತಮ್ಮ ಕಡೆ ಮಾತ್ರ ನೆಮ್ಮದಿ ಇಲ್ಲವೆಂದು ಕೇಳಿ ಮನಸ್ಸಿಗೆ ಖೇದವಾಯಿತು. ಯಾರೋ ಕಳ್ಳವೋಟು ಹಾಕುತ್ತಿದ್ದಾರೆ, ಪೌರರಲ್ಲದವರು ಮತಗಟ್ಟೆಗೆ ನುಗ್ಗುತ್ತಿದ್ದಾರೆ, ಇಲ್ಲದಿದ್ದರೆ ನಮ್ಮ ಉಪನಗರಗಳು ಹೀಗೆ ಕೈತಪ್ಪುತ್ತಿದ್ದವೇ ಎಂಬುದು ತಮ್ಮ ಕೊರಗು. ಈ ಬಡಪಾಯಿಗೆ ತಿಳಿದ ನಾಲ್ಕು ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ, ಕಾಗದಪತ್ರ ಕೇಳುವ ತಮ್ಮ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಐದು ಜನ ಅಮೆರಿಕನ್ನರಲ್ಲಿ ನಾಲ್ವರು ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೇಳುವುದು ಸರಿ ಎನ್ನುತ್ತಾರೆ; ಆ ನಾಲ್ವರಲ್ಲಿ ನಾನೂ ಒಬ್ಬ. ನನ್ನ ಆಶ್ಚರ್ಯ ಬೇರೆ. ಕಾಗದ ಕೇಳಿ ಹೆದರಿಸಲು ಇಡೀ ಭೂಮಂಡಲದಲ್ಲಿ ತಮಗೆ ಸಿಕ್ಕವರು ನಾವೇನಾ? ವಿದ್ಯಾರ್ಥಿ ವೀಸಾ, ಎಚ್-1ಬಿ, ಅದರ ನವೀಕರಣ, ನವೀಕರಣದ ಮೇಲೆ ಮತ್ತೊಂದು ನವೀಕರಣ, ಗ್ರೀನ್ ಕಾರ್ಡಿಗಾಗಿ ತಲೆಗೂದಲು ನರೆಯುವಷ್ಟು ಕಾಯುವಿಕೆ, ಬೆರಳಚ್ಚು, ಸಂದರ್ಶನ, ಕೊನೆಗೆ 760 ಡಾಲರ್ ಕಟ್ಟಿ ಪೌರತ್ವದ ಅರ್ಜಿ. ಇಷ್ಟು ದಾಟಿ ಬಂದ ಮನೆಯಲ್ಲಿ ಮದುವೆಯ ಆಲ್ಬಮ್ ಕಾಣೆಯಾಗಿರಬಹುದು, 2009ರ ಸಂಬಳದ ಚೀಟಿ ಕಾಣೆಯಾಗಿರುವುದಿಲ್ಲ. ಕೇಳಿ ಸ್ವಾಮಿ, ಧಾರಾಳವಾಗಿ ಕೇಳಿ. ಮೂರು ಪ್ರತಿ ಜೆರಾಕ್ಸ್ ಮಾಡಿಸಿ, ಒಂದರ ಮೇಲೆ ಸಹಿ ಹಾಕಿ ತರುತ್ತೇವೆ.

ಕಷ್ಟವೇನಿದ್ದರೂ ಹೆಸರಿನದು. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಇಲ್ಲಿನ ಅರ್ಜಿಯಲ್ಲಿ ಮನೆತನದ ಹೆಸರಿನ ಖಾನೆಗೆ ನಾವು ಹೋಗಿ ಬೀಳುತ್ತೇವೆ, ಊರು ನಮ್ಮ ಸ್ವಂತ ಹೆಸರಾಗುತ್ತದೆ. ಬ್ಯಾಂಕಿನವರು ಫೋನು ಮಾಡಿ ಆತ್ಮೀಯವಾಗಿ ‘ಹೊಳೆನರಸೀಪುರ’ ಎಂದು ಕರೆಯುತ್ತಾರೆ. ಇಡೀ ಹೆಸರನ್ನು ಒಂದೇ ಖಾನೆಯಲ್ಲಿ ಬರೆಸಿಕೊಂಡು ಬಂದ ನತದೃಷ್ಟರಿಗೆ ವೀಸಾದಲ್ಲೇ ‘ಎಫ್‌ಎನ್‌ಯು’ ಎಂದು ನಾಮಕರಣವಾಗಿರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಹೀಗಿರುವಾಗ ಅರ್ಜಿಯಲ್ಲಿನ ಹೆಸರೂ ಡ್ರೈವಿಂಗ್ ಲೈಸೆನ್ಸಿನ ಕಡತದಲ್ಲಿನ ಹೆಸರೂ ಅಕ್ಷರಕ್ಷರ ಕೂಡಬೇಕೆಂದು ತಾವು ನಿಯಮ ಮಾಡಿದಿರಿ. 2018ರಲ್ಲಿ ಸುಮಾರು 53 ಸಾವಿರ ಜನರ ನೋಂದಣಿ ಹಾಗೆ ತ್ರಿಶಂಕುವಾಯಿತು. ಅವರಲ್ಲಿ ಬಹುಪಾಲು ಕಪ್ಪು ಜನ. ಗುರುತಿನ ಚೀಟಿ ತೋರಿಸಿದರೆ ಮತ ಹಾಕಲು ಅಡ್ಡಿಯಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಆ ಕಡತಗಳ ಉಸ್ತುವಾರಿ ಹೊತ್ತಿದ್ದ ರಾಜ್ಯ ಕಾರ್ಯದರ್ಶಿ ಬ್ರಯಾನ್ ಕೆಂಪ್ ಅವರೇ ಆ ಸಲ ಗವರ್ನರ್ ಪದವಿಗೆ ಅಭ್ಯರ್ಥಿ. ಗೆದ್ದದ್ದು ಸುಮಾರು 55 ಸಾವಿರ ಮತಗಳಿಂದ. ಆಟಗಾರನೇ ಅಂಪೈರ್ ಆದರೂ ಸ್ಕೋರು ಸರಿಯಾಗಿಯೇ ಇರಬಹುದು, ನಾನೇನೂ ಅನ್ನುವುದಿಲ್ಲ.

ಅದೇ ವರ್ಷ ಹೊಸದಾಗಿ ಪೌರರಾದ ಸುಮಾರು 3 ಸಾವಿರ ಮಂದಿಗೆ ನೀವು ಪೌರರೇ ಅಲ್ಲ ಎಂದು ಕಂಪ್ಯೂಟರ್ ಹೇಳಿತು. ಕಾರಣ ಸರಳ. ಗ್ರೀನ್ ಕಾರ್ಡ್ ಇದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದರು; ಆಮೇಲೆ ಪ್ರಮಾಣವಚನ ತೆಗೆದುಕೊಂಡು ಪೌರರಾದರು; ಲೈಸೆನ್ಸ್ ಕಚೇರಿಗೆ ಆ ಸುದ್ದಿ ಮುಟ್ಟಲಿಲ್ಲ. ಪೌರತ್ವದ ಪತ್ರ ತೋರಿಸಿ ಅಲ್ಲಿಯೇ ಮತ ಹಾಕಲು ಬಿಡಿ ಎಂದು ಫೆಡರಲ್ ನ್ಯಾಯಾಧೀಶೆಯೊಬ್ಬರು ಹೇಳಬೇಕಾಯಿತು. ಹಾಗಾದರೆ ನಿಜವಾಗಿಯೂ ಪೌರರಲ್ಲದೆ ಪಟ್ಟಿಯಲ್ಲಿದ್ದವರು ಎಷ್ಟು? ತಮ್ಮದೇ ಪಕ್ಷದ ರಾಜ್ಯ ಕಾರ್ಯದರ್ಶಿ ಬ್ರ್ಯಾಡ್ ರಾಫೆನ್ಸ್‌ಪರ್ಗರ್ 2024ರಲ್ಲಿ ಇಡೀ ಪಟ್ಟಿ ಜಾಲಾಡಿಸಿದರು. 82 ಲಕ್ಷ ಹೆಸರುಗಳಲ್ಲಿ ಸಿಕ್ಕವರು 20. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವ ಕಳ್ಳರ ಲೆಕ್ಕವೂ ಅಷ್ಟೇ ಸೊಗಸು: 2000ದಿಂದ 2014ರವರೆಗೆ ದೇಶದಲ್ಲಿ ಚಲಾವಣೆಯಾದ 100 ಕೋಟಿಗೂ ಹೆಚ್ಚು ಮತಗಳಲ್ಲಿ ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ ಅವರಿಗೆ ಕಂಡ ನಂಬಲರ್ಹ ಪ್ರಕರಣಗಳು 31. ಅಮೆರಿಕದ ಕಳ್ಳರು ಇಷ್ಟು ಸೋಮಾರಿಗಳೆಂದು ನಾನು ತಿಳಿದಿರಲಿಲ್ಲ.

ಹಾಗಾದರೆ ಉಪನಗರ ಬದಲಾದದ್ದು ಹೇಗೆ ಎಂದು ತಾವು ಕೇಳಬಹುದು. ಅದಕ್ಕೆ ನಮ್ಮ ಕೌಂಟಿಯ ಕಥೆಯನ್ನೇ ಹೇಳುತ್ತೇನೆ. 1990ರಲ್ಲಿ ಗ್ವಿನೆಟ್‌ನ ಜನಸಂಖ್ಯೆ ಮೂರೂವರೆ ಲಕ್ಷ, ಹತ್ತರಲ್ಲಿ ಒಂಬತ್ತು ಮಂದಿ ಬಿಳಿಯರು. 2020ಕ್ಕೆ ಜನಸಂಖ್ಯೆ ಒಂಬತ್ತೂವರೆ ಲಕ್ಷ ದಾಟಿತು, ಬಿಳಿಯರು ಮೂರನೇ ಒಂದು ಪಾಲು. ಅಟ್ಲಾಂಟಾದಿಂದ ‘ಅಂಥವರು’ ಬರಬಾರದೆಂದು ಹಿರಿಯರು ತುಂಬ ಜಾಗ್ರತೆ ವಹಿಸಿದ್ದರು. ನಗರದ ಮಾರ್ಟಾ ರೈಲು ಬೇಡವೆಂದು 1971ರಲ್ಲಿ ಮತ ಹಾಕಿದರು, 1990ರಲ್ಲಿ ಮತ್ತೆ ಹಾಕಿದರು. ರೈಲು ಬರಲಿಲ್ಲ, ಜನ ಕಾರಿನಲ್ಲಿ ಬಂದರು. ಅಟ್ಲಾಂಟಾದ ಕಪ್ಪು ಮಧ್ಯಮವರ್ಗ ಒಳ್ಳೆಯ ಶಾಲೆ ಹುಡುಕಿಕೊಂಡು ಬಂತು. ಕೊರಿಯಾದವರು ಬಂದು ಡುಲೂತ್‌ನಲ್ಲಿ ಅಂಗಡಿ ತೆರೆದರು, ಮೆಕ್ಸಿಕೊದವರು ಬಂದರು, ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ನಾವೂ ಬಂದೆವು. 2004ರಲ್ಲಿ ಬುಷ್ ಅವರಿಗೆ ಮೂರರಲ್ಲಿ ಎರಡು ಪಾಲು ಮತ ಕೊಟ್ಟ ಕೌಂಟಿ 2016ರಲ್ಲಿ ಹಿಲರಿ ಅವರಿಗೆ ಒಲಿಯಿತು. ಜಿಮ್ಮಿ ಕಾರ್ಟರ್ ನಿಂತ 1976ರ ನಂತರ ಅಲ್ಲಿ ಗೆದ್ದ ಮೊದಲ ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿ ಅವರು. ಪಕ್ಕದ ಕಾಬ್ ಕೌಂಟಿಯೂ ಅದೇ ದಿನ ಅದೇ ಕೆಲಸ ಮಾಡಿತು. ಅದು ರಿಪಬ್ಲಿಕನ್ ನಾಯಕ ನ್ಯೂಟ್ ಗಿಂಗ್ರಿಚ್ ಅವರ ಕೋಟೆಯಾಗಿದ್ದ ಕೌಂಟಿ. 2020ರಲ್ಲಿ ಬೈಡನ್ ಅವರಿಗೆ ಗ್ವಿನೆಟ್‌ನಲ್ಲಿ 58% ಮತ; ಇಡೀ ರಾಜ್ಯ ಕೈಬದಲಾಯಿಸಿದ್ದು 11,779 ಮತಗಳಿಂದ. ಇದರಲ್ಲಿ ಯಾವ ಗುಟ್ಟೂ ಇಲ್ಲ, ರಿಯಲ್ ಎಸ್ಟೇಟ್ ಏಜೆಂಟರಿಗೆಲ್ಲ ಗೊತ್ತಿದ್ದ ವಿಷಯ. ಬಂದವರಷ್ಟೇ ಕಾರಣವೂ ಅಲ್ಲ. ಮೊದಲೇ ಇದ್ದ, ಕಾಲೇಜು ಓದಿದ ಬಿಳಿಯರಲ್ಲೂ ಅನೇಕರು ತಮ್ಮ ಪಕ್ಷದಿಂದ ಮೆಲ್ಲಗೆ ಜಾರಿಕೊಂಡರು. ಡೆಮಾಕ್ರಟರು ಬಂದರೆ ನಿಮ್ಮ ಬಡಾವಣೆ ಹಾಳು ಎಂದು ಆ ವರ್ಷದ ಬೇಸಿಗೆಯಲ್ಲಿ ಟ್ರಂಪ್ ಸಾಹೇಬರು ಉಪನಗರದ ಗೃಹಿಣಿಯರನ್ನು ಎಚ್ಚರಿಸಿದ್ದರು. ಆ ಹೊತ್ತಿಗೆ ಗೃಹಿಣಿಯರಲ್ಲಿ ಅನೇಕರು ಆಫೀಸಿನಲ್ಲಿದ್ದರು.

ಇನ್ನೂ ಉತ್ತರಕ್ಕೆ ಫೋರ್ಸೈತ್ ಕೌಂಟಿ. 1912ರಲ್ಲಿ ಸುಮಾರು 1,100 ಕಪ್ಪು ಜನರನ್ನು ಬೆದರಿಸಿ ಓಡಿಸಿ, ಹಲವು ದಶಕಗಳ ಕಾಲ ತನ್ನನ್ನು ‘ಶುದ್ಧ’ವಾಗಿ ಇಟ್ಟುಕೊಂಡ ಊರು. 1987ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಅಲ್ಲಿ ಮೆರವಣಿಗೆ ಹೊರಟಾಗ ಕಲ್ಲು ಬಿದ್ದವು. ಇವತ್ತು ಅಲ್ಲಿ ಐದರಲ್ಲಿ ಸುಮಾರು ಒಬ್ಬರು ಏಷ್ಯಾ ಮೂಲದವರು. ಮಾಗಡಿ, ಮಂಡ್ಯ, ಧಾರವಾಡಗಳವರೂ ಮನೆ ಮಾಡಿದ್ದಾರೆ, ಯುಗಾದಿಗೆ ಒಬ್ಬಟ್ಟಿನ ಘಮ ಬೀದಿಗೆ ಬರುತ್ತದೆ. ಹಾಗೆಂದು ಗಾಬರಿಯಾಗಬೇಡಿ. ಫೋರ್ಸೈತ್ ಈಗಲೂ ತಮ್ಮದೇ. 2020ರಲ್ಲೂ ಮೂರರಲ್ಲಿ ಎರಡು ಪಾಲು ಟ್ರಂಪ್ ಅವರಿಗೆ. 2012ರಲ್ಲಿ ರಾಮ್ನಿ ಅವರಿಗೆ ಸಿಕ್ಕ 80% ಎಲ್ಲಿ ಹೋಯಿತು ಎಂದು ಮಾತ್ರ ಕೇಳಬೇಡಿ. ಇನ್ನು ನಮ್ಮವರೆಲ್ಲ ಒಂದೇ ಕಡೆ ಎಂದು ತಿಳಿಯುವುದೂ ಭ್ರಮೆ. ಕಾರ್ನೆಗಿ ಸಂಸ್ಥೆಯ ಸಮೀಕ್ಷೆಯಂತೆ 2020ರಲ್ಲಿ ಭಾರತೀಯ ಮೂಲದವರಲ್ಲಿ 22% ಟ್ರಂಪ್ ಕಡೆಗಿದ್ದರು, 2024ಕ್ಕೆ ಅದು 32% ಆಯಿತು. ಆಸ್ತಿ ತೆರಿಗೆಯ ಬಿಲ್ ಕೈಗೆ ಬಂದ ದಿನ ನಮ್ಮಲ್ಲೂ ರಿಪಬ್ಲಿಕನ್ನರು ಹುಟ್ಟುತ್ತಾರೆ. ಹೀಗೆ ಮನವೊಲಿಸಬಹುದಾದ ಮನೆಬಾಗಿಲಿಗೆ ಬಂದು ‘ನೀವು ಯಾರು, ಕಾಗದ ತೋರಿಸಿ’ ಎನ್ನುತ್ತೀರಲ್ಲ, ತಮಗೆ ಪ್ರಚಾರದ ಸಲಹೆ ಕೊಡುವವರು ಯಾರೋ!

2021ರ ಮಾರ್ಚ್ 25ರಂದು ತಾವು ಎಸ್‌ಬಿ 202 ಎಂಬ ಕಾನೂನು ತಂದಿರಿ. ಅಂಚೆ ಮತಕ್ಕೂ ಗುರುತಿನ ಸಂಖ್ಯೆ ಬೇಕು; ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ಯಾರೂ ನೀರು ಕೊಡುವಂತಿಲ್ಲ; ಆದರೆ ಒಬ್ಬ ಮತದಾರ ಎಷ್ಟು ಸಾವಿರ ಇತರ ಮತದಾರರ ಮೇಲೆ ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನೀರಿಗೆ ಮಿತಿಯುಂಟು, ಸಂಶಯಕ್ಕೆ ಮಿತಿಯಿಲ್ಲ. 2022ರಲ್ಲಿ ನಮ್ಮ ಗ್ವಿನೆಟ್ ಚುನಾವಣಾ ಕಚೇರಿಗೆ ಅಂಥ ಆಕ್ಷೇಪಣೆಗಳು ಪೆಟ್ಟಿಗೆಗಟ್ಟಲೆ, ಹತ್ತಾರು ಸಾವಿರ ಹೆಸರುಗಳೊಂದಿಗೆ ಬಂದವು. ಸಿಬ್ಬಂದಿ ಕೂತು ನೋಡಿದರು; ಬಹುಪಾಲು ನಿಲ್ಲಲಿಲ್ಲ. ಖರ್ಚು ಯಾರದು? ನನ್ನ ಆಸ್ತಿ ತೆರಿಗೆಯದು.

ಎದುರುಪಕ್ಷದವರೂ ಈ ನಾಟಕದಲ್ಲಿ ಹಿಂದೆ ಬೀಳಲಿಲ್ಲ. ಗುರುತಿನ ಚೀಟಿ ಕೇಳಿದರೆ ಪ್ರಜಾಪ್ರಭುತ್ವ ಮುಗಿಯಿತು ಎಂದು ಅವರು ಇಪ್ಪತ್ತು ವರ್ಷಗಳಿಂದ ಬೊಬ್ಬೆ ಹಾಕುತ್ತಿದ್ದಾರೆ. ಎಸ್‌ಬಿ 202ರ ಸಿಟ್ಟಿಗೆ ಬೇಸ್‌ಬಾಲ್ ಲೀಗ್ ತನ್ನ ಆಲ್-ಸ್ಟಾರ್ ಪಂದ್ಯವನ್ನು ಡೆನ್ವರ್‌ಗೆ ಒಯ್ದಿತು. ಅದು ನಡೆಯಬೇಕಿದ್ದ ಮೈದಾನವಿದ್ದದ್ದು ಡೆಮಾಕ್ರಟರಿಗೆ ಆಗಲೇ ಒಲಿದಿದ್ದ ಕಾಬ್ ಕೌಂಟಿಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2025ರಲ್ಲಿ ಪಂದ್ಯ ಅದೇ ಮೈದಾನಕ್ಕೆ ಮರಳಿತು, ಕಾನೂನು ಇನ್ನೂ ಜಾರಿಯಲ್ಲೇ ಇತ್ತು. ಫೋಟೊ ಚೀಟಿಯ ಕಡ್ಡಾಯ ಇದ್ದುಕೊಂಡೇ ಜಾರ್ಜಿಯಾ 2020ರಲ್ಲಿ ದಾಖಲೆ ಮತದಾನ ಕಂಡಿತ್ತು. 2008ರಿಂದ 2018ರವರೆಗಿನ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರಾದ ಕಾಂಟೋನಿ ಮತ್ತು ಪಾನ್ಸ್ ಅವರಿಗೆ ಇಂಥ ಕಠಿಣ ಕಾನೂನುಗಳಿಂದ ಒಟ್ಟು ಮತದಾನ ಇಳಿದದ್ದೂ ಕಾಣಲಿಲ್ಲ, ಮೋಸ ಇಳಿದದ್ದೂ ಕಾಣಲಿಲ್ಲ. ಹಾಗೆಂದು ಎಲ್ಲ ಕಾನೂನುಗಳೂ ಮುಗ್ಧವಲ್ಲ. ಟೆಕ್ಸಸ್ 2011ರಲ್ಲಿ ಪಿಸ್ತೂಲಿನ ಪರವಾನಗಿ ನಡೆಯುತ್ತದೆ, ವಿದ್ಯಾರ್ಥಿಯ ಕಾರ್ಡು ನಡೆಯುವುದಿಲ್ಲ ಎಂದಿತು. ನಾರ್ತ್ ಕ್ಯಾರೊಲಿನಾದ ಕಾನೂನು ಶಸ್ತ್ರವೈದ್ಯನ ನಿಖರತೆಯಲ್ಲಿ ಕಪ್ಪು ಮತದಾರರಿಗೆ ಗುರಿಯಿಟ್ಟಿದೆ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯವೇ ಹೇಳಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ದಯವಿಟ್ಟು ಬಾಗಿಲು ಹಾಕಿಕೊಂಡು ಓದಿ. 2025ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಕೆಳಮನೆ 220–208ರಿಂದ ಸೇವ್ ಮಸೂದೆ ಅಂಗೀಕರಿಸಿತು. ಹೆಸರು ನೋಂದಾಯಿಸಲು ಪಾಸ್‌ಪೋರ್ಟ್, ಜನನ ಪತ್ರದಂಥ ಪೌರತ್ವದ ದಾಖಲೆ ಬೇಕಂತೆ. ಪಾಸ್‌ಪೋರ್ಟ್ ಯಾರ ಬಳಿ ಇದೆ ಸ್ವಾಮಿ? ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ಗಳ ಉಪನಗರಗಳಲ್ಲಿ ಮನೆಮನೆಯಲ್ಲೂ ಇದೆ. ಇಲ್ಲದವರು ವೆಸ್ಟ್ ವರ್ಜೀನಿಯಾ, ಮಿಸಿಸಿಪ್ಪಿಗಳಲ್ಲಿ ಹೆಚ್ಚು. ಅವು ತಮ್ಮವೇ ರಾಜ್ಯಗಳು. ಹೊಸದಾಗಿ ಮಾಡಿಸಲು 165 ಡಾಲರ್. ಜನನ ಪತ್ರದ ಹೆಸರಿಗೂ ಈಗಿನ ಹೆಸರಿಗೂ ತಾಳೆಯಾಗದವರು ಯಾರು? ಮದುವೆಯಾಗಿ ಗಂಡನ ಮನೆತನದ ಹೆಸರು ತೆಗೆದುಕೊಂಡ ಹೆಣ್ಣುಮಕ್ಕಳು. ಸಂಪ್ರದಾಯಸ್ಥರಲ್ಲಿ ಅವರ ಪ್ರಮಾಣ ಜಾಸ್ತಿ. 2024ರಲ್ಲಿ ಮತ ಹಾಕದೆ ಮನೆಯಲ್ಲೇ ಉಳಿದವರನ್ನು ಪ್ಯೂ ಸಂಸ್ಥೆ ಕೇಳಿದಾಗ 44% ಟ್ರಂಪ್ ಎಂದರು, 40% ಹ್ಯಾರಿಸ್ ಎಂದರು. ಮತಗಟ್ಟೆಗೆ ಹೋಗದಿರಲು ಸಣ್ಣ ನೆಪ ಸಿಕ್ಕರೂ ಹಿಂದೆ ಸರಿಯುವ ಮತದಾರ ಈಗ ತಮ್ಮವನು. ಮಳೆ ಬರಲಿ, ಸಾಲು ಉದ್ದವಿರಲಿ, ಮೂರು ಚೀಟಿ ಹಿಡಿದು ಬಂದೇ ಬರುವ ಕಾಲೇಜು ಓದಿದ ಉಪನಗರದವನು ಎದುರುಪಕ್ಷದವನು. ಜನ ಅದಲುಬದಲಾದರು, ಕಾನೂನಿನ ಕರಡು ಮಾತ್ರ ಹಳೆಯದೇ ಉಳಿಯಿತು.

ಕ್ಯಾನ್ಸಸ್ ಇದನ್ನು ಆಗಲೇ ಮಾಡಿ ನೋಡಿದೆ. ಅಲ್ಲಿನ ರಾಜ್ಯ ಕಾರ್ಯದರ್ಶಿ ಕ್ರಿಸ್ ಕೋಬಾಕ್ ಅವರ ಒತ್ತಾಸೆಯಿಂದ ಪೌರತ್ವದ ದಾಖಲೆ ಕಡ್ಡಾಯವಾದಾಗ ಸುಮಾರು 31 ಸಾವಿರ ಜನರ ನೋಂದಣಿ ನಿಂತುಹೋಯಿತು. 2018ರಲ್ಲಿ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು. ಅದೇ ರಾಜ್ಯದ ಸಿರಿವಂತ ಉಪನಗರ ಜಾನ್ಸನ್ ಕೌಂಟಿ 2020ರಲ್ಲಿ, 1916ರ ವುಡ್ರೊ ವಿಲ್ಸನ್ ನಂತರ ಮೊದಲ ಬಾರಿಗೆ, ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಗೆಲ್ಲಿಸಿತು.

ಅಧ್ಯಕ್ಷ ಟ್ರಂಪ್ ಅವರು 2025ರ ಮಾರ್ಚ್‌ನ ತಮ್ಮ ಚುನಾವಣಾ ಆದೇಶದಲ್ಲಿ ನನ್ನ ತವರನ್ನು ನೆನೆದರು. ಭಾರತ ಮತದಾರನ ಗುರುತನ್ನು ಬಯೋಮೆಟ್ರಿಕ್ ದತ್ತಾಂಶಕ್ಕೆ ಜೋಡಿಸುತ್ತಿದೆ, ನಾವು ಹಿಂದುಳಿದಿದ್ದೇವೆ ಎಂಬ ಅರ್ಥದಲ್ಲಿ. ಕೇಳಿ ಎದೆ ಉಬ್ಬಿತು. ಅರ್ಧ ಮಾತ್ರ ನೋಡಿದ್ದಾರೆ ಅನ್ನುವುದೊಂದೇ ಕೊರತೆ. ಮುಖ್ಯ ಚುನಾವಣಾ ಆಯುಕ್ತ ಶೇಷನ್ ಅವರ ಕಾಲದಲ್ಲಿ ಶುರುವಾದ ಅಲ್ಲಿನ ಮತದಾರರ ಚೀಟಿಯನ್ನು ಜನ ದುಡ್ಡು ಕೊಟ್ಟು ಕೊಂಡದ್ದಲ್ಲ. ಸರ್ಕಾರವೇ ಮಾಡಿ ಕೊಟ್ಟದ್ದು. ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುವ ಹೊಣೆ ಶಾಲಾ ಮೇಷ್ಟರಂಥ ಬೂತ್ ಅಧಿಕಾರಿಗಳದು. ಪಟ್ಟಿಯಲ್ಲಿ ಹೆಸರಿದ್ದರೆ ಚೀಟಿ ಮರೆತು ಬಂದವರಿಗೂ ಬೇರೆ ಹತ್ತು ಹನ್ನೆರಡು ಬಗೆಯ ದಾಖಲೆ ತೋರಿಸುವ ದಾರಿ ಇದೆ. ಮತಗಟ್ಟೆಯಲ್ಲಿ ಬೆರಳಚ್ಚಿನ ಯಂತ್ರ ಇಲ್ಲ. ಎಡಗೈ ತೋರುಬೆರಳಿಗೆ ಮೈಸೂರಿನಲ್ಲಿ ತಯಾರಾದ ಶಾಯಿ, 1962ರಿಂದಲೂ. ಅಲ್ಲಿಯೂ ಎಲ್ಲ ಸರಿಯಿದೆ ಎನ್ನಲಾರೆ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಯಲ್ಲಿ ಆಧಾರ್ ನಡೆಯುತ್ತದೋ ಇಲ್ಲವೋ ಎಂಬುದನ್ನು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆದರೂ ಕೊಡುವವನು ಮೊದಲು, ಕೇಳುವವನು ಆಮೇಲೆ ಎಂಬ ಕ್ರಮ ಅಲ್ಲಿದೆ. ಇಲ್ಲಿ ಎಲ್ಲರಿಗೂ ಒಂದು ರಾಷ್ಟ್ರೀಯ ಗುರುತಿನ ಚೀಟಿ ಎಂದರೆ ತಮ್ಮ ಪಕ್ಷದಲ್ಲೇ ಅನೇಕರು ಅದು ಸರ್ವಾಧಿಕಾರ ಎಂದು ಬೆಚ್ಚಿಬೀಳುತ್ತಾರೆ. ಇಲ್ಲದ ಚೀಟಿಯನ್ನು ಕಡ್ಡಾಯ ಮಾಡುವುದು ಸ್ವಾತಂತ್ರ್ಯ, ಇರುವ ಚೀಟಿಯನ್ನು ಹಂಚುವುದು ದಬ್ಬಾಳಿಕೆ.

ನಮ್ಮ ಜಾರ್ಜಿಯಾದವರೇ ಆದ ಜಿಮ್ಮಿ ಕಾರ್ಟರ್ ಅವರು ರಿಪಬ್ಲಿಕನ್ ಪಕ್ಷದ ಜೇಮ್ಸ್ ಬೇಕರ್ ಜೊತೆ ಕೂತು 2005ರಲ್ಲೇ ವರದಿ ಕೊಟ್ಟಿದ್ದರು: ಫೋಟೊ ಚೀಟಿ ಕೇಳಿ, ಅದಕ್ಕೆ ಮೊದಲು ಇಲ್ಲದವರನ್ನು ಹುಡುಕಿಕೊಂಡು ಹೋಗಿ ಪುಕ್ಕಟೆ ಕೊಡಿ. ತಾವು ಮೊದಲರ್ಧ ಓದಿದಿರಿ, ಎದುರುಪಕ್ಷದವರು ಒಂದನ್ನೂ ಓದಲಿಲ್ಲ. ಎರಡನೇ ಅರ್ಧವನ್ನು ಈಗಲಾದರೂ ತಿರುವಿಹಾಕಿ. ವೆಸ್ಟ್ ವರ್ಜೀನಿಯಾದ ಬೆಟ್ಟದ ಹಳ್ಳಿಗಳಿಗೆ ಕ್ಯಾಮೆರಾ ಹಿಡಿದ ವ್ಯಾನುಗಳನ್ನು ಕಳಿಸುವುದು ತಮ್ಮ ಪಕ್ಷಕ್ಕೂ ಹಿತ. ನಮ್ಮ ಬೀದಿಗೆ ಕಳಿಸುವ ಅಗತ್ಯವಿಲ್ಲ, ಇಲ್ಲಿ ಎಲ್ಲರ ಬಳಿಯೂ ಇದೆ.

ಈ ಪತ್ರದ ಮೇಲೆ ಕಣ್ಣಾಡಿಸುತ್ತಿರುವ ಅಟ್ಲಾಂಟಾ ಸುತ್ತಲಿನ ಕನ್ನಡ ಬಂಧುಗಳಿಗೂ ಒಂದು ಮಾತು. ಪೌರತ್ವ ಬಂದ ಮೇಲೆ ಲೈಸೆನ್ಸ್ ಕಚೇರಿಯಲ್ಲಿ ಕಡತ ತಿದ್ದಿಸಿಕೊಳ್ಳಿ. ಮನೆ ಬದಲಿಸಿದ್ದರೆ ನೋಂದಣಿಯ ವಿಳಾಸವನ್ನೂ ಬದಲಿಸಿ. ಜಾರ್ಜಿಯಾದಲ್ಲಿ ಅದರ ಗಡುವು ಚುನಾವಣೆಗೆ ಸುಮಾರು ನಾಲ್ಕು ವಾರ ಮೊದಲೇ ಮುಗಿಯುತ್ತದೆ.

ಇಂತಿ ತಮ್ಮ ವಿಧೇಯ,
ಗ್ವಿನೆಟ್ ಕೌಂಟಿಯ ಒಬ್ಬ ಮತದಾರ