ಬಾದಾಮಿ ಸೀಮೆಯಲ್ಲಿ ಇಂಗ್ಲಿಷ್ ಫ್ರೇಜುಗಳ ಸಂಚಾರ: ಒಂದು ಅತಿಗಂಭೀರ ಅಧ್ಯಯನ

ಘಟಪ್ರಭೆ-ಮಲಪ್ರಭೆಗಳ ನಡುವಣ ಭಾಷಾಭೌಗೋಳಿಕ ವಲಯದಲ್ಲಿ ಇಂಗ್ಲಿಷ್ ಫ್ರೇಜುಗಳ ಉತ್ಪತ್ತಿ, ವಿತರಣೆ ಹಾಗೂ ಅಂಕವಿನಿಯೋಗವನ್ನು ರಚನಾತ್ಮಕ-ಪರೀಕ್ಷಾತ್ಮಕ ನೆಲೆಗಟ್ಟಿನಲ್ಲಿ ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಕರ್ತೃ-ಕ್ರಿಯಾಪದಗಳ ಜೋಡಿ ಇಲ್ಲದ ಪದಗಳ ಗುಂಪು ಫ್ರೇಜ್. ಇನ್ನೊಂದು ಪದಕ್ಕೆ ಆತುಕೊಂಡು ಅದರ ಗುರುತು ಹೇಳುವಂಥದ್ದು ಮಾಡಿಫೈಯರ್. ಒಂದು ಪಿರಿಯಡ್ಡಿನಲ್ಲಿ ಮುಗಿಯುವ ಮಾತು. ಆದ್ದರಿಂದಲೇ ವಿದ್ವತ್ತು ಇದಕ್ಕೆ ಒಪ್ಪುವುದಿಲ್ಲ.

ವರ್ಗ ಒಂದು: ಗುಹಾಸೋಪಾನಾಶ್ರಿತ ಫ್ರೇಜ್. 'ದ ಮಂಕಿ ಆನ್ ದ ಸ್ಟೆಪ್ಸ್' ಎಂದರೆ ಕೊನೆಯ ಮೂರು ಪದ ಕೋತಿಗೆ ವಿಶೇಷಣ. 'ದ ಮಂಕಿ ಸ್ಯಾಟ್ ಆನ್ ದ ಸ್ಟೆಪ್ಸ್' ಎಂದರೆ ಅವೇ ಮೂರು ಕ್ರಿಯಾವಿಶೇಷಣ. ಈ ಮಹಾಭೇದದ ಚರ್ಚೆ ಮುಗಿಯುವಷ್ಟರಲ್ಲಿ ಬಾದಾಮಿಯ ಕೋತಿ ಬಾಳೆಹಣ್ಣು ಕಸಿದುಕೊಂಡು ಮೂರನೇ ಗುಹೆ ಮುಟ್ಟಿರುತ್ತದೆ.

ವರ್ಗ ಎರಡು: ನಿರಾಧಾರ-ಲಂಬಿತ, ಅಂದರೆ ಡ್ಯಾಂಗ್ಲಿಂಗ್ ಮಾಡಿಫೈಯರ್. 'ಕ್ಲೈಂಬಿಂಗ್ ದ ಹಿಲ್, ದ ಮೇಗುತಿ ಟೆಂಪಲ್ ಅಪಿಯರ್ಡ್.' ವ್ಯಾಕರಣದ ಪ್ರಕಾರ ಐಹೊಳೆಯ ಗುಡ್ಡ ಹತ್ತಿದ್ದು ಗುಡಿಯೇ! ಹತ್ತಿದ ಮನುಷ್ಯ ವಾಕ್ಯದಲ್ಲೇ ಇಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿಯ ಹಾಗೆ ವಿಳಾಸ ಉಳಿದಿದೆ, ಮನೆ ಇಲ್ಲ. ಕನ್ನಡದಲ್ಲಿ 'ಗುಡ್ಡ ಹತ್ತತಿದ್ದಂಗ ಗುಡಿ ಕಂಡ್ತು' ಅಂದರೆ ಯಾವ ಗುಡಿಯೂ ಎದ್ದು ನಡೆಯುವುದಿಲ್ಲ. ಪೆಟ್ಟು ಬೀಳುವುದು ಇಲ್ಲೇ ಎಂದು ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು. ತೋರಿಸುವುದಿಲ್ಲ, ಹೆಸರು ಬಾಯಿಪಾಠ ಮಾಡಿಸುತ್ತೇವೆ.

ವರ್ಗ ಮೂರು, ಹುನಗುಂದೀಯ ಉಭಯಾನ್ವಯಿ, ಅದರ ಉಪಪ್ರಭೇದಗಳು... ಇರಲಿ ಬಿಡಿ. ತರಬೇತಿಯ ಹೆಸರಿನಲ್ಲಿ ಇಂಥವನ್ನು ಬೆಳಗಿನಿಂದ ಸಂಜೆಯ ತನಕ ಕೂತು ಕೇಳಿದ್ದೇನೆ, ನಿಮಗೂ ಆ ಶಿಕ್ಷೆ ಬೇಡ.

ಇಳಕಲ್ಲಿನ ಸೀರೆ ಅಂಗಡಿಗೆ ಬನ್ನಿ. 'ಅಣ್ಣಾರ, ಆ ಮ್ಯಾಲಿನ ಸಾಲಿನ್ಯಾಗ ಇಟ್ಟಿದ್ದು, ಗೋಮಿ ದಡೀದು, ಟೋಪ್ ತೆನಿ ಸೆರಗಿಂದು, ಕೆಂಪ್ ಸೀರಿ ತೋರಸ್ರಿ.' ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ನಾಲ್ಕು ವಿಶೇಷಣ ಪೇರಿಸಿ ಕೊನೆಗೆ ಸೀರೆ ಇಡುತ್ತಾಳೆ. ಇಂಗ್ಲಿಷಿನಲ್ಲಿ ಕೆಂಪು ಮಾತ್ರ ಸೀರೆಯ ಮುಂದೆ, ಸಾಲು-ದಡಿ-ಸೆರಗು ಎಲ್ಲ ಹಿಂದೆ. ಕಲಿಯಬೇಕಾದ ತಿರುವು ಬಹುಮಟ್ಟಿಗೆ ಇಷ್ಟೇ. 634ರಲ್ಲಿ ಮೇಗುತಿಯ ಶಾಸನ ರಚಿಸಿದ ರವಿಕೀರ್ತಿ ಸಂಸ್ಕೃತದಲ್ಲಿ ಇಮ್ಮಡಿ ಪುಲಕೇಶಿಗೆ ಹೊರಿಸಿದ ವಿಶೇಷಣಗಳೇನು ಕಡಿಮೆಯೇ? ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ತ್ರಿಪದಿಯಲ್ಲಿ ಹೊಗಳಿದವನು ಯಾವ ಅಡ್ಜೆಕ್ಟಿವಲ್ ಫ್ರೇಜಿಗೆ ಅಡಿಗೆರೆ ಎಳೆದಿದ್ದ?

ನಮ್ಮ ಮಕ್ಕಳು ಎಳೆಯುತ್ತಾರೆ. ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಇಂಗ್ಲಿಷ್ ಕಲಿಸಿದೆವು ಎನ್ನಲು ನಮಗೆ ನಾಚಿಕೆಯಾಗಬೇಕು. ಕಲಿಸಿದ್ದು ಗೆರೆ ಎಳೆಯುವುದನ್ನು. ನೇಕಾರರ ಮನೆಯ ಹುಡುಗಿ, ನನ್ನ ವಿದ್ಯಾರ್ಥಿನಿ, ವ್ಯಾಕರಣದ ಪ್ರಶ್ನೆಗಳಲ್ಲಿ ಒಂದಂಕವೂ ಬಿಟ್ಟವಳಲ್ಲ. ಅಪ್ಪ ನೇಯ್ದ ಸೀರೆಯ ಫೋಟೋ ನೋಡಿ ದೂರದ ಊರಿನವರು ಮೊಬೈಲಿಗೆ ಇಂಗ್ಲಿಷಿನಲ್ಲಿ ಕೇಳುತ್ತಾರೆ: ಸೆರಗು ಯಾವ ಬಣ್ಣದ್ದು, ಒಡಲು ಹತ್ತಿಯದೋ ರೇಷ್ಮೆಯದೋ? ಆ ಬಣ್ಣ, ಆ ನೂಲು ಅವಳ ಕೈಯಲ್ಲೇ ಆಡಿದ್ದು. ಆದರೂ ಉತ್ತರ ಬರೆಯಲು ಪಕ್ಕದ ಅಂಗಡಿಯವನಿಗೆ ಫೋನ್ ಕೊಡುತ್ತಾಳೆ. ಅವನು ಎರಡು ಸಾಲು ಬರೆಯುತ್ತಾನೆ, ವ್ಯಾಕರಣ ಅಷ್ಟಕ್ಕಷ್ಟೇ. ಸೀರೆ ಮಾರಿಹೋಗುತ್ತದೆ, ಕಮಿಷನ್ ಅವನಿಗೆ.